ಗೇಜ್‌ನಲ್ಲಿ 3.2 ಬಾರ್, ಎಂಜಿನ್ ಮಾತ್ರ ಉಪವಾಸ

ಕಾರನ್ನು ಡೈನೊ ಮೇಲೆ, ಅಂದರೆ ನಿಂತಲ್ಲೇ ಓಡಿಸಿ ಎಂಜಿನ್ ಶಕ್ತಿ ಅಳೆಯುವ ಉರುಳೆಗಳ ಮೇಲೆ, ಬಿಗಿದು ಕಟ್ಟಿದ್ದರು. ಬಾನೆಟ್ ಎತ್ತಿ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯೂಯಲ್ ರೈಲಿಗೆ ಸಿಕ್ಕಿಸಿದ್ದ ಮುಳ್ಳಿನ ಗೇಜ್ ಮೇಲೆ ಟಾರ್ಚ್ ಬಿಟ್ಟುಕೊಂಡು ಮೆಕ್ಯಾನಿಕ್ ಪಕ್ಕದಲ್ಲಿ ನಿಂತಿದ್ದರು. ನಾಲ್ಕನೇ ಗೇರಿನಲ್ಲಿ ಎಂಜಿನ್ 6,300 ಆರ್‌ಪಿಎಂ ಹತ್ತಿರ ಬರುತ್ತಿದ್ದಂತೆ ಗಾಳಿ-ಪೆಟ್ರೋಲ್ ಹದ ತೋರಿಸುವ ಲ್ಯಾಂಬ್ಡಾ ಮೀಟರ್ 0.80ರಿಂದ 0.91ಕ್ಕೆ ಜಾರಿತು, ಅಂದರೆ ಪೆಟ್ರೋಲ್ ಕಡಿಮೆಯಾಯಿತು. ಎದೆ ಧಸಕ್ಕೆಂದು ಕಾಲು ತೆಗೆದೆ. "ಪ್ರೆಶರ್ ಸರಿಯಾಗೇ ಐತೆ ಸರ್, ಮೂರರ ಮೇಲೇ ಐತೆ ನೋಡಿ. ಮ್ಯಾಪಲ್ಲೇ ಏನೋ ಎಡವಟ್ಟಾಗಿದೆ" ಅಂದರು. ಮ್ಯಾಪ್ ಅಂದರೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಎಂಜಿನ್ ಕಂಪ್ಯೂಟರ್‌ನಲ್ಲಿ (ಇಸಿಯು) ಬರೆದಿಟ್ಟ ಕೋಷ್ಟಕ. ನಾನೂ ಇಳಿದು ಹೋಗಿ, ಮತ್ತೊಂದು ಸಲ ಓಡಿಸಲು ಹೇಳಿ, ಕಣ್ಣಾರೆ ನೋಡಿದೆ. ಮುಳ್ಳು 3.2 ಬಾರ್ ಹತ್ತಿರ ನಿಂತಿತ್ತು. ಅವರು ಹೇಳಿದ ಅಂಕಿಯಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಆ 3.2 ಏಕೆ ರೋಗದ ಲಕ್ಷಣ ಅನ್ನುವುದು ನನಗೆ ಅರ್ಥವಾಗಲು ಇನ್ನೂ ಮೂರು ವಾರ ಹಿಡಿಯಿತು. ಅಷ್ಟರೊಳಗೆ ಒಂದು ಸೆನ್ಸರ್ ಕೂರಿಸಿ, ವೈರ್ ಎಳೆದು, ಲಾಗ್ ಮಾಡಿ (ಅಂಕಿಗಳನ್ನು ಓಟದುದ್ದಕ್ಕೂ ದಾಖಲಿಸಿ) ನೋಡಿದ್ದೆ. ಟರ್ಬೊ ಹಾಕಿಸಿಕೊಂಡವರು, ದೊಡ್ಡ ಇಂಜೆಕ್ಟರ್ ಹಾಕಿಸಿಕೊಂಡವರು, ಇಸಿಯು ಟ್ಯೂನ್ ಮಾಡಿಸಿಕೊಂಡವರು ಟರ್ಬೊ ತುಂಬುವ ಗಾಳಿಯ ಒತ್ತಡ (ಬೂಸ್ಟ್) ತೋರಿಸುವ ಗೇಜ್‌ಗೆ, ಲ್ಯಾಂಬ್ಡಾ ಮೀಟರ್‌ಗೆ ದುಡ್ಡು ಹಾಕುತ್ತಾರೆ. ಪೆಟ್ರೋಲಿನ ಒತ್ತಡವನ್ನು ಮಾತ್ರ ಎಂಜಿನ್ ಒಮ್ಮೆ ಬಿಚ್ಚುವ ಹಾಗೆ ಆಗುವ ತನಕ ಯಾರೂ ಕೇಳುವುದಿಲ್ಲ. ಅದಕ್ಕೇ ಈ ವಿಷಯವನ್ನು ಬುಡದಿಂದ ಬರೆಯುತ್ತಿದ್ದೇನೆ.

ಮೊದಲು ಇಂಜೆಕ್ಟರ್. ಅದು ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸಣ್ಣ ನಲ್ಲಿ. ಇಷ್ಟು ಮಿಲಿಸೆಕೆಂಡ್ ತೆರೆದಿರು ಎಂದು ಇಸಿಯು ಹೇಳುತ್ತದೆ, ಅಷ್ಟು ಹೊತ್ತು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಹೊರಬಿತ್ತು ಅನ್ನುವುದನ್ನು ಹೆಚ್ಚಿನ ಇಸಿಯುಗಳು ಅಳೆಯುವುದೇ ಇಲ್ಲ. ಒತ್ತಡ ಇರಬೇಕಾದಷ್ಟೇ ಇದೆ ಎಂದು ನಂಬಿ ಲೆಕ್ಕ ಹಾಕುತ್ತವೆ, ಅಷ್ಟೆ. ಆ ನಂಬಿಕೆ ಹುಸಿಯಾದ ದಿನ ಮ್ಯಾಪ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ.

ಈಗ ಬೆಳಗ್ಗೆ ಒಂಬತ್ತು ಗಂಟೆಯ ಬಿಎಂಟಿಸಿ ಬಸ್ಸಿನ ಬಾಗಿಲು ನೆನಪಿಸಿಕೊಳ್ಳಿ. ಒಳಗಿಂದ ಇಳಿಯುವವರು ತಳ್ಳುತ್ತಿದ್ದಾರೆ, ಹೊರಗಿಂದ ಹತ್ತುವವರೂ ತಳ್ಳುತ್ತಿದ್ದಾರೆ. ಎಷ್ಟು ಜನ ಇಳಿದಾರು ಅನ್ನುವುದು ಒಳಗಿನ ನೂಕಾಟವೊಂದರಿಂದಲೇ ತೀರ್ಮಾನವಾಗುವುದಿಲ್ಲ, ಒಳಗಿನದರಲ್ಲಿ ಹೊರಗಿನದನ್ನು ಕಳೆದು ಉಳಿದದ್ದೇ ಲೆಕ್ಕ. ಇಂಜೆಕ್ಟರ್‌ನ ತುದಿ ಇರುವುದು ಎಂಜಿನ್‌ಗೆ ಗಾಳಿ ಹೋಗುವ ಕೊಳವೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗೆ. ಟರ್ಬೊ ಗಾಳಿ ತುಂಬಿದಾಗ ಅಲ್ಲಿಂದ ಎದುರು ಒತ್ತಡ ಬರುತ್ತದೆ. ರೈಲಿನ ಒತ್ತಡದಲ್ಲಿ ಮ್ಯಾನಿಫೋಲ್ಡ್ ಒತ್ತಡ ಕಳೆದರೆ ಸಿಗುವ ವ್ಯತ್ಯಾಸವೇ ಪೆಟ್ರೋಲನ್ನು ನಿಜವಾಗಿ ಹೊರಗೆ ದೂಡುವುದು.

ಅದಕ್ಕೆಂದೇ ಹಳೆಯ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ರೈಲಿನ ಕೊನೆಗೆ ಒಂದು ರೆಗ್ಯುಲೇಟರ್, ಅದರ ತಲೆಗೆ ಮ್ಯಾನಿಫೋಲ್ಡ್‌ನಿಂದ ಬರುವ ಒಂದು ಸಣ್ಣ ರಬ್ಬರ್ ಪೈಪ್, ಮತ್ತು ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಲೈನ್ ಇರುತ್ತವೆ. ಮ್ಯಾನಿಫೋಲ್ಡ್ ಒತ್ತಡ ಎಷ್ಟು ಏರುತ್ತದೋ ರೈಲಿನ ಒತ್ತಡವನ್ನೂ ರೆಗ್ಯುಲೇಟರ್ ಅಷ್ಟೇ ಏರಿಸಬೇಕು, ಅದು ಇಳಿದರೆ ಇದನ್ನೂ ಇಳಿಸಬೇಕು. ವ್ಯತ್ಯಾಸ ಮಾತ್ರ ಸದಾ ಒಂದೇ ಇರಬೇಕು. ನನ್ನ ಕಾರಿನಲ್ಲಿ ಅದು 3 ಬಾರ್. ಪಿಎಸ್‌ಐನಲ್ಲಿ ಹೇಳುವುದಾದರೆ 43.5.

ಡೈನೊ ಮೇಲಿನ ಆ ಕ್ಷಣಕ್ಕೆ ಈ ಲೆಕ್ಕ ಹಾಕಿ ನೋಡಿ. ಮ್ಯಾನಿಫೋಲ್ಡ್‌ನಲ್ಲಿ ಆಗ ಹೊರಗಿನ ಗಾಳಿಗಿಂತ 0.89 ಬಾರ್ ಹೆಚ್ಚು ಒತ್ತಡವಿತ್ತು. ರೈಲಿನಲ್ಲಿ 3.89 ಇರಬೇಕಿತ್ತು, ಇದ್ದದ್ದು 3.19. ಉಳಿದ ವ್ಯತ್ಯಾಸ ಬರೀ 2.3 ಬಾರ್. ಗೇಜ್ ನೋಡಿದವರಿಗೆ "ಮೂರರ ಮೇಲೆ" ಎಂದು ಸಮಾಧಾನ, ಇಂಜೆಕ್ಟರ್‌ಗೆ ಮಾತ್ರ ಕಾಲು ಭಾಗದಷ್ಟು ಒತ್ತಡ ಖೋತಾ.

ಒತ್ತಡ ಕಾಲು ಭಾಗ ಕಡಿಮೆಯಾದರೆ ಪೆಟ್ರೋಲೂ ಕಾಲು ಭಾಗ ಕಡಿಮೆಯಾಗುತ್ತದೆಯೇ? ಇಲ್ಲ. ಸಣ್ಣ ರಂಧ್ರದ ಮೂಲಕ ಹರಿಯುವ ದ್ರವದ ಪ್ರಮಾಣ ಒತ್ತಡದ ವ್ಯತ್ಯಾಸದ ವರ್ಗಮೂಲವನ್ನು ಅನುಸರಿಸುತ್ತದೆ. 2.3ನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.876. ಅಂದರೆ ಪೆಟ್ರೋಲ್ ಶೇ. 12ರಷ್ಟು ಕಡಿಮೆ. ಲ್ಯಾಂಬ್ಡಾದಲ್ಲಿ 1 ಅಂದರೆ ಒಳಬಂದ ಗಾಳಿಗೆ ಸರಿಸಮನಾದ ಪೆಟ್ರೋಲ್, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಹೆಚ್ಚು. 0.80 ಬರಬೇಕಾದ ಕಡೆ 0.80ನ್ನು 0.876ರಿಂದ ಭಾಗಿಸಿದರೆ 0.91. ಮೀಟರ್ ತೋರಿಸಿದ್ದೂ ಅದನ್ನೇ! ಈ ಎರಡು ಅಂಕಿಗಳು ಕಾಗದದ ಮೇಲೆ ಕೂಡಿಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮ್ಯಾಪ್ ಸರಿಯಿತ್ತು. ಪೆಟ್ರೋಲ್ ಬರುತ್ತಿರಲಿಲ್ಲ. ಅವತ್ತು ನಾವು ಮ್ಯಾಪ್‌ನಲ್ಲಿ ಇನ್ನಷ್ಟು ಪೆಟ್ರೋಲ್ ಸುರಿದು ರೋಗವನ್ನು ಮುಚ್ಚಿಹಾಕಿದ್ದರೆ, ಟ್ಯಾಂಕಿನ ಪೆಟ್ರೋಲ್ ಪಂಪ್ ಇನ್ನೊಂದಿಷ್ಟು ಸೊರಗಿದ ದಿನ ಪಿಸ್ಟನ್ ಹೋಗುತ್ತಿತ್ತು. ಬೂಸ್ಟ್ ಇರುವಾಗ ಮಿಶ್ರಣ ಲೀನ್ ಆದರೆ, ಅಂದರೆ ಪೆಟ್ರೋಲ್ ಕಡಿಮೆಯಾದರೆ, ಸಿಲಿಂಡರ್ ಒಳಗೆ ನಾಕ್ (ಹತೋಟಿ ತಪ್ಪಿದ ಉರಿ) ಶುರುವಾಗುತ್ತದೆ, ಬಿಸಿ ಏರುತ್ತದೆ, ಪಿಸ್ಟನ್ ರಿಂಗ್‌ಗಳ ನಡುವಿನ ತೆಳು ಅಂಚು ಒಡೆಯಲು ಹೆಚ್ಚು ಹೊತ್ತು ಬೇಡ.

ಬೆಂಗಳೂರಿನ ಗಾಳಿ, ಮಂಗಳೂರಿನ ಗಾಳಿ

ವ್ಯತ್ಯಾಸ ಕಳೆಯುವುದು ಸುಲಭದ ಲೆಕ್ಕ ಅನ್ನಿಸುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಲ್ಲೋಣ.

ಒತ್ತಡ ಹೇಳಲು ಎರಡು ರೀತಿ ಇವೆ. ಪೆಟ್ರೋಲ್ ಸೆನ್ಸರ್‌ಗಳಲ್ಲಿ ಹೆಚ್ಚಿನವು ಹೊರಗಿನ ಗಾಳಿಯನ್ನು ಸೊನ್ನೆ ಎಂದು ಇಟ್ಟುಕೊಂಡು ಅದರ ಮೇಲಿನದನ್ನಷ್ಟೇ ತೋರಿಸುತ್ತವೆ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ (ಹೆಸರು ಒಂದೇ, ಇಸಿಯುನ ಮ್ಯಾಪ್ ಬೇರೆ) ಪೂರ್ತಿ ನಿರ್ವಾತವನ್ನು ಸೊನ್ನೆ ಎಂದು ಹಿಡಿಯುತ್ತದೆ. ಒಂದು ನೆಲದಿಂದ ಅಳೆದ ಎತ್ತರ, ಇನ್ನೊಂದು ಬಾವಿಯ ತಳದಿಂದ ಅಳೆದ ಎತ್ತರ ಇದ್ದ ಹಾಗೆ. ಎರಡನ್ನೂ ನೇರವಾಗಿ ಕಳೆದರೆ ಉತ್ತರ ತಪ್ಪು. ಪೆಟ್ರೋಲ್ ಸೆನ್ಸರ್‌ನ ಅಂಕಿಗೆ ಮೊದಲು ಹೊರಗಿನ ಗಾಳಿಯ ಒತ್ತಡ ಕೂಡಿಸಿ, ಆಮೇಲೆ ಮ್ಯಾಪ್ ಸೆನ್ಸರ್‌ನ ಅಂಕಿಯನ್ನು ಕಳೆಯಬೇಕು.

ಹೊರಗಿನ ಗಾಳಿ ಎಲ್ಲ ಊರಲ್ಲೂ ಒಂದೇ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. ಮಂಗಳೂರಿನ ಕಡಲ ದಂಡೆಯಲ್ಲಿ 1.01. ಅದೇ ಕಾರು ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಈ ಅಂಕಿ ಬದಲಾಗುತ್ತಾ ಹೋಗುತ್ತದೆ. ಇದನ್ನು ತಿಳಿಯಲು ಬೇರೆ ಉಪಕರಣ ಬೇಕಿಲ್ಲ. ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಮ್ಯಾಪ್ ಸೆನ್ಸರ್ ಓದಿ. ಅದು ಆಗ ತೋರಿಸುವುದೇ ಆ ಊರಿನ ಗಾಳಿ. ಬಹಳಷ್ಟು ಇಸಿಯುಗಳು ಸ್ಟಾರ್ಟ್ ಮಾಡುವ ಮುಂಚೆ ಈ ಅಂಕಿಯನ್ನು ತಾವೇ ನೆನಪಿಟ್ಟುಕೊಳ್ಳುತ್ತವೆ.

ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ನನ್ನ ಕಾರಿನ ಮ್ಯಾಪ್ ಸೆನ್ಸರ್ 0.35 ಬಾರ್ ತೋರಿಸುತ್ತದೆ, ರೈಲಿನ ಸೆನ್ಸರ್ 2.44. ಕೂಡಿಸಿ ಕಳೆಯಿರಿ: 2.44ಕ್ಕೆ 0.91 ಕೂಡಿಸಿ 0.35 ಕಳೆದರೆ ಸರಿಯಾಗಿ 3.00. ರೈಲಿನಲ್ಲಿ ಎರಡೂವರೆ ಬಾರ್ ಕೂಡ ಇಲ್ಲವಲ್ಲ ಎಂದು ಗಾಬರಿಯಾಗಿ ರೆಗ್ಯುಲೇಟರ್ ತಿರುಗಿಸಿ 3ಕ್ಕೆ ತಂದವರನ್ನು ನಾನು ಬಲ್ಲೆ. ಅವರ ಇಡೀ ಮ್ಯಾಪ್ ಒಂದೇ ಏಟಿಗೆ ರಿಚ್ ಆಯಿತು, ಅಂದರೆ ಎಲ್ಲ ಕಡೆ ಪೆಟ್ರೋಲ್ ಹೆಚ್ಚಾಯಿತು. ರೆಗ್ಯುಲೇಟರ್ ಸೆಟ್ ಮಾಡುವುದಾದರೆ ಅದರ ತಲೆಯ ರಬ್ಬರ್ ಪೈಪ್ ಕಳಚಿ, ಪೈಪಿನ ಬಾಯಿಗೆ ಬಿರಡೆ ಹಾಕಿ, ಐಡಲ್‌ನಲ್ಲಿಟ್ಟು ಸೆಟ್ ಮಾಡಬೇಕು.

ಸೆನ್ಸರ್ ಕೊಳ್ಳುವಾಗ

ಮುಳ್ಳಿನ ಗೇಜ್ ಇದ್ದರೂ ಸೆನ್ಸರ್ ಏಕೆ ಬೇಕು? ಮುಳ್ಳಿನ ಗೇಜನ್ನು ಡ್ಯಾಶ್‌ಬೋರ್ಡ್‌ಗೆ ತರಬೇಕಾದರೆ ಪೆಟ್ರೋಲನ್ನೇ ಪೈಪಿನಲ್ಲಿ ಕಾರಿನೊಳಗೆ ತರಬೇಕು. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಸೆನ್ಸರ್ ಆದರೆ ಪೆಟ್ರೋಲ್ ಎಂಜಿನ್ ಬಳಿಯೇ ಉಳಿಯುತ್ತದೆ, ಒಳಗೆ ಬರುವುದು ಒಂದು ವೈರ್. ಇನ್ನೂ ದೊಡ್ಡ ಕಾರಣ: ಗೇಜ್‌ಗೆ ನೆನಪಿಲ್ಲ. ಐದಾರು ಸೆಕೆಂಡಿನ ಓಟದಲ್ಲಿ ಅರ್ಧ ಸೆಕೆಂಡ್ ಮಾತ್ರ ಒತ್ತಡ ಬಿದ್ದರೆ, ಆಗ ಕಣ್ಣು ರಸ್ತೆಯ ಮೇಲಿರುತ್ತದೆ. ಲಾಗ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಕ್ಕದಲ್ಲೇ ಆರ್‌ಪಿಎಂ, ಬೂಸ್ಟ್, ಲ್ಯಾಂಬ್ಡಾ ಸಮೇತ.

ಮ್ಯಾನಿಫೋಲ್ಡ್‌ಗೆ ಪೆಟ್ರೋಲ್ ಚಿಮ್ಮಿಸುವ ಪೋರ್ಟ್ ಇಂಜೆಕ್ಷನ್ ಕಾರಿಗೆ 0ಯಿಂದ 10 ಬಾರ್ ಅಳೆಯುವ, 5 ವೋಲ್ಟ್‌ನಲ್ಲಿ ಓಡುವ, 0.5ರಿಂದ 4.5 ವೋಲ್ಟ್ ಸಿಗ್ನಲ್ ಕೊಡುವ ಮೂರು ವೈರಿನ ಸೆನ್ಸರ್ ಸಾಕು. 0.5ರಿಂದ ಶುರುವಾಗುವುದಕ್ಕೂ ಅರ್ಥವಿದೆ. ಸಿಗ್ನಲ್ ವೈರ್ ತುಂಡಾದರೆ, ಅರ್ಥ್‌ಗೆ ತಾಗಿದರೆ ವೋಲ್ಟೇಜ್ ಸೊನ್ನೆಗೋ 5ಕ್ಕೋ ಹೋಗುತ್ತದೆ. ಆರೋಗ್ಯವಾಗಿರುವ ಸೆನ್ಸರ್ ಆ ಎರಡು ತುದಿಗಳನ್ನು ಯಾವತ್ತೂ ಮುಟ್ಟುವುದಿಲ್ಲ. ಹಾಗಾಗಿ ಪೆಟ್ರೋಲ್ ಇಲ್ಲವೋ ವೈರ್ ಹೋಯಿತೋ ಎಂದು ಇಸಿಯು ಬೇರ್ಪಡಿಸಿ ತಿಳಿಯಬಲ್ಲದು.

ಅಗ್ಗದ ಸೆನ್ಸರ್‌ಗಳಲ್ಲಿ ಒಂದಿಷ್ಟು ನೀರಿಗೆ, ಕಂಪ್ರೆಸರ್ ಗಾಳಿಗೆ ಎಂದು ಮಾಡಿದವು. ಒಳಗಿನ ಸೀಲ್ ಸಾಧಾರಣ ನೈಟ್ರೈಲ್ ರಬ್ಬರ್‌ನದ್ದಾಗಿದ್ದರೆ ಇವತ್ತಿನ ಪೆಟ್ರೋಲ್‌ಗೆ ಅದು ಬಾಳುವುದು ಕಷ್ಟ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕ್‌ಗಳಲ್ಲಿ ಎಲ್ಲೆಲ್ಲೂ ಸಿಗುವುದು ಅದೇ. ವೈಟಾನ್ ಸೀಲ್ ಇದೆ, ಪೆಟ್ರೋಲ್ ಮತ್ತು ಎಥನಾಲ್‌ಗೆ ಆಗುತ್ತದೆ ಎಂದು ಕಂಪನಿಯೇ ಬರೆದುಕೊಟ್ಟಿರುವ ಸೆನ್ಸರ್‌ಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪೆಟ್ರೋಲ್ ಸೋರುವುದು ಬಿಸಿ ಎಂಜಿನ್ ಮೇಲೆ ಅನ್ನುವುದನ್ನು ಮರೆಯಬೇಡಿ.

ಇ20 ಇನ್ನೊಂದು ಕಾರಣಕ್ಕೂ ಇಲ್ಲಿ ಮುಖ್ಯ. ಬರೀ ಪೆಟ್ರೋಲ್ ಆದರೆ ಒಂದು ಕಿಲೊ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಶೇ. 8-9ರಷ್ಟು ಹೆಚ್ಚು ಇಂಧನ ಕೊಡಬೇಕು. ಹಳೆಯ ಪೆಟ್ರೋಲಿನಲ್ಲಿ ಹೇಗೋ ಸುಧಾರಿಸುತ್ತಿದ್ದ ಪಂಪ್ ಇ20 ಬಂದ ಮೇಲೆ ಕೈಚೆಲ್ಲಿದರೆ ಆಶ್ಚರ್ಯವಿಲ್ಲ.

ಕೂರಿಸುವುದು

ಜಾಗ ಮುಖ್ಯ. ಫಿಲ್ಟರ್ ಆದ ಮೇಲೆ, ರೆಗ್ಯುಲೇಟರ್‌ಗೆ ಮುಂಚೆ, ಅಂದರೆ ರೈಲಿನಲ್ಲೇ ಅಥವಾ ರೈಲಿಗೆ ಬರುವ ಹೋಸ್‌ನಲ್ಲಿ ಅಳೆಯಬೇಕು. ಟ್ಯಾಂಕ್ ಬಳಿ ಜಾಗ ಚೆನ್ನಾಗಿದೆ ಎಂದು ಫಿಲ್ಟರ್‌ಗಿಂತ ಹಿಂದೆ ಹಾಕಿದರೆ, ಫಿಲ್ಟರ್ ಕಟ್ಟಿಕೊಂಡಿದ್ದರೂ ಸೆನ್ಸರ್ ಎಲ್ಲ ಸರಿಯಿದೆ ಅನ್ನುತ್ತದೆ. ಕೆಲವು ರೈಲುಗಳ ತುದಿಯಲ್ಲಿ ಬಿರಡೆ ಹಾಕಿದ ಪೋರ್ಟ್ ಇರುತ್ತದೆ, ಇಲ್ಲದಿದ್ದರೆ ಹೋಸ್ ಕತ್ತರಿಸಿ ಟಿ ಆಕಾರದ ಅಡಾಪ್ಟರ್ ಹಾಕಬೇಕು. ಹೋಸ್ ಇಂಜೆಕ್ಷನ್‌ಗೆಂದೇ ಮಾಡಿದ್ದಾಗಿರಲಿ. ಕಾರ್ಬ್ಯುರೇಟರ್ ಕಾಲದ ಹೋಸ್ ನೋಡಲು ಹಾಗೇ ಇರುತ್ತದೆ, 4 ಬಾರ್ ತಡೆಯುವುದಿಲ್ಲ.

ಥ್ರೆಡ್ ವಿಷಯದಲ್ಲಿ ನಾನು ಒಂದು ಇಡೀ ಶನಿವಾರ ಕಳೆದಿದ್ದೇನೆ. ಸೆನ್ಸರ್ 1/8 ಎನ್‌ಪಿಟಿ, ಅಂದರೆ ಅಮೆರಿಕನ್ ಅಳತೆಯ ಪೈಪ್ ಥ್ರೆಡ್. ಅಡಾಪ್ಟರ್ ಹುಡುಕಿಕೊಂಡು ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋದರೆ ಎಲ್ಲರೂ ಕೊಡುವುದು ಬ್ರಿಟಿಷ್ ಅಳತೆಯ 1/8 ಬಿಎಸ್‌ಪಿ, ನಮ್ಮಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಅದೇ. ಕಣ್ಣಿಗೆ ಎರಡೂ ಒಂದೇ. ಆದರೆ ಎನ್‌ಪಿಟಿಯಲ್ಲಿ ಇಂಚಿಗೆ 27 ಸುತ್ತು, ಹಲ್ಲಿನ ಕೋನ 60 ಡಿಗ್ರಿ. ಬಿಎಸ್‌ಪಿಯಲ್ಲಿ ಇಂಚಿಗೆ 28, ಕೋನ 55 ಡಿಗ್ರಿ. ಒಂದನ್ನು ಇನ್ನೊಂದರೊಳಗೆ ಎರಡು ಸುತ್ತು ಕೈಯಲ್ಲೇ ತಿರುಗಿಸಬಹುದು, ಮೂರನೆಯದಕ್ಕೆ ಬಿಗಿಯಾಗುತ್ತದೆ. "ಕೂತ್ಕೊಂತು ನೋಡಿ ಸರ್" ಅನ್ನುತ್ತಾರೆ. ಕೂತಿರುವುದಿಲ್ಲ, ಕಚ್ಚಿಕೊಂಡಿರುತ್ತದೆ, ಮತ್ತು ಒತ್ತಡ ಬಂದಾಗ ಸೋರುತ್ತದೆ. ಅಡಾಪ್ಟರ್ ಮತ್ತು ಸೆನ್ಸರ್ ಎರಡನ್ನೂ ಒಂದೇ ಕಡೆಯಿಂದ ಜೋಡಿಯಾಗಿ ತರಿಸುವುದು ಒಳ್ಳೆಯದು.

ಎನ್‌ಪಿಟಿ ತುದಿಗೆ ಬರುತ್ತಾ ಸಣ್ಣಗಾಗುವ ಥ್ರೆಡ್, ಬಿಗಿಯುತ್ತಾ ಹೋದಂತೆ ಬೆಣೆ ಹೊಡೆದ ಹಾಗೆ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ರೈಲಿಗೆ ಜೋರು ತೋರಿಸಿದರೆ ಪೋರ್ಟ್ ಸೀಳುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಬೇಡವೇ ಬೇಡ. ಅದರ ಎಳೆಯೊಂದು ಕಿತ್ತು ಬಂದರೆ ಫಿಲ್ಟರ್ ದಾಟಿಯಾದ ಮೇಲೆ ಅದಕ್ಕೆ ಇರುವ ದಾರಿ ಇಂಜೆಕ್ಟರ್ ಒಂದೇ. ಪೆಟ್ರೋಲ್ ತಡೆಯುವ ಥ್ರೆಡ್ ಸೀಲಂಟ್ ಪೇಸ್ಟ್ ಹಚ್ಚಿ, ಮೊದಲ ಎರಡು ಸುತ್ತುಗಳನ್ನು ಬಿಟ್ಟು. ಅಡಾಪ್ಟರ್‌ಗೆ ಒಂದು ಸ್ಪ್ಯಾನರ್, ಸೆನ್ಸರ್‌ಗೆ ಇನ್ನೊಂದು. ಒಂದೇ ಸ್ಪ್ಯಾನರ್‌ನಲ್ಲಿ ಬಿಗಿದರೆ ಆ ತಿರುಚು ಪೂರ್ತಿ ರೈಲಿನ ಮೇಲೆ ಬೀಳುತ್ತದೆ.

ಸೆನ್ಸರನ್ನು ನೇರ ರೈಲಿಗೇ ಸಿಕ್ಕಿಸಿದರೆ ಎಂಜಿನ್‌ನ ನಡುಕ, ಬಿಸಿ ಎರಡೂ ಅದಕ್ಕೆ ತಾಗುತ್ತವೆ. ಒಂದಡಿಯಷ್ಟು ಉಕ್ಕಿನ ಹೆಣಿಗೆಯ ಹೋಸ್ ಹಾಕಿ ಸೆನ್ಸರನ್ನು ಕಾರಿನ ಬಾಡಿಗೆ ಕ್ಲಾಂಪ್ ಮಾಡಿದ್ದೇನೆ. ಒತ್ತಡದ ಸಣ್ಣಪುಟ್ಟ ಮಿಡಿತಗಳು ಇದರಿಂದ ಸ್ವಲ್ಪ ಮಸುಕಾಗುತ್ತವೆ, ನಾವು ಹುಡುಕುತ್ತಿರುವ ಕಾಯಿಲೆಗೆ ಅದರಿಂದ ತೊಂದರೆಯಿಲ್ಲ.

ಬಿಚ್ಚುವ ಮುಂಚೆ ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಿ. ರೈಲಿನ ಒತ್ತಡ ಇಳಿಯುತ್ತದೆ. ಬ್ಯಾಟರಿಯ ಮೈನಸ್ ಕಳಚಿ. ಆದರೂ ಒಂದಿಷ್ಟು ಪೆಟ್ರೋಲ್ ಚಿಮ್ಮುತ್ತದೆ, ಬಟ್ಟೆ ಸುತ್ತಿಯೇ ಸಡಿಲಿಸಿ. ಪುಡಿಯ ಅಗ್ನಿಶಾಮಕವೊಂದು ಕೈಗೆ ಸಿಗುವಷ್ಟು ಹತ್ತಿರ ಇರಲಿ. ಮನೆಯ ಮುಚ್ಚಿದ ಗ್ಯಾರೇಜ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಲ್ಲ ಜೋಡಿಸಿದ ಮೇಲೆ ಸೋರಿಕೆ ನೋಡಲು ನಾನು ಮಾಡುವುದು ಇದು. ಪ್ರತಿ ಕೂಡುಗೆಯ ಸುತ್ತ ಬಿಳಿ ಟಿಶ್ಯೂ ಕಾಗದದ ಒಂದು ಪಟ್ಟಿ ಸುತ್ತುತ್ತೇನೆ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಟ್ಟಿ ಒತ್ತಡ ತುಂಬಿ ನಿಲ್ಲುತ್ತದೆ. ಹೀಗೆ ಐದಾರು ಸಲ. ಆಮೇಲೆ ಹತ್ತು ನಿಮಿಷ ಬಿಟ್ಟು ಟಾರ್ಚ್ ಹಾಕಿ ನೋಡಿದರೆ, ಕಣ್ಣಿಗೆ ಕಾಣದಷ್ಟು ಬೆವರಿದ್ದರೂ ಕಾಗದದ ಮೇಲೆ ನೆರಳಿನಂಥ ಒಂದು ಒದ್ದೆ ಅಂಚು ಮೂಡಿರುತ್ತದೆ. ಮೊದಲ ಸಲ ನನ್ನ ಅಡಾಪ್ಟರ್ ಕೆಳಗೆ ಕಾಳುಮೆಣಸಿನಷ್ಟು ದೊಡ್ಡ ಕಲೆ ಕಂಡಿತು. ಇನ್ನು ಕಾಲು ಸುತ್ತು ಬಿಗಿದೆ, ಹೋಯಿತು.

ವೈರು, ವೋಲ್ಟು

ಮೂರು ವೈರ್: 5 ವೋಲ್ಟ್, ಅರ್ಥ್, ಸಿಗ್ನಲ್. ಬಣ್ಣ ನಂಬಬೇಡಿ, ಸೆನ್ಸರ್ ಜೊತೆ ಬಂದ ಕಾಗದ ನೋಡಿ. 5 ವೋಲ್ಟ್ ಅನ್ನು ಇಸಿಯುನ ಸೆನ್ಸರ್ ಸಪ್ಲೈನಿಂದಲೇ ತೆಗೆದುಕೊಳ್ಳಬೇಕು. ಈ ಸೆನ್ಸರ್‌ಗಳು ತಮಗೆ ಬರುವ ವೋಲ್ಟೇಜ್‌ನ ಒಂದು ಪಾಲನ್ನು ಸಿಗ್ನಲ್ ಆಗಿ ಕೊಡುವಂಥವು. ಸಪ್ಲೈ 5ರಿಂದ 4.9ಕ್ಕೆ ಇಳಿದರೆ ಸಿಗ್ನಲ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಇಸಿಯು ಅದೇ 5 ವೋಲ್ಟನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದರೆ ಎರಡೂ ಸರಿತೂಗಿ ತಪ್ಪು ಹೊರಟುಹೋಗುತ್ತದೆ. ಬೇರೆ ಲಾಗರ್ ಬಳಸುವವರು ಆ 5 ವೋಲ್ಟನ್ನೂ ಇನ್ನೊಂದು ಚಾನೆಲ್‌ನಲ್ಲಿ ಲಾಗ್ ಮಾಡಬೇಕು.

ಅರ್ಥ್ ವೈರನ್ನು ಹತ್ತಿರದಲ್ಲಿದೆ ಎಂದು ಬಾಡಿಯ ಬೋಲ್ಟಿಗೆ ಕೊಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಫ್ಯಾನ್, ಪಂಪ್, ಹೆಡ್‌ಲೈಟ್‌ಗಳ ಕರೆಂಟ್ ಎಲ್ಲ ಆ ಬಾಡಿಯ ಮೂಲಕವೇ ವಾಪಸ್ ಹರಿಯುತ್ತದೆ, ಅಲ್ಲಿ 50 ಮಿಲಿವೋಲ್ಟ್ ಏರುಪೇರಾಗುವುದು ದೊಡ್ಡ ವಿಷಯವಲ್ಲ. 10 ಬಾರ್ ಸೆನ್ಸರ್‌ನಲ್ಲಿ 50 ಮಿಲಿವೋಲ್ಟ್ ಅಂದರೆ 0.125 ಬಾರ್. ಫ್ಯಾನ್ ಆನ್ ಆದಾಗಲೆಲ್ಲ ಪೆಟ್ರೋಲ್ ಒತ್ತಡ ಕುಣಿಯುತ್ತಿದ್ದರೆ ಮೊದಲು ಇದನ್ನು ನೋಡಿ. ಇಸಿಯುನ ಸೆನ್ಸರ್ ಅರ್ಥ್‌ಗೇ ಕೊಡಿ, ಇಗ್ನಿಷನ್ ಕಾಯಿಲ್‌ಗಳಿಂದ ದೂರವಾಗಿ ವೈರ್ ಎಳೆಯಿರಿ.

ಕ್ಯಾಲಿಬ್ರೇಷನ್ ಒಂದು ಸಾಲಿನ ಲೆಕ್ಕ: ಬಂದ ವೋಲ್ಟ್‌ನಲ್ಲಿ 0.5 ಕಳೆದು 2.5ರಿಂದ ಗುಣಿಸಿದರೆ ಬಾರ್. 1.7 ವೋಲ್ಟ್ ಬಂದರೆ 3 ಬಾರ್, 2.1 ಬಂದರೆ 4. ಹಾಲ್‌ಟೆಕ್, ಲಿಂಕ್, ಮೆಗಾಸ್ಕ್ವರ್ಟ್‌ನಂಥ ಇಸಿಯುಗಳಲ್ಲಿ ಖಾಲಿ ಇರುವ ಅನಲಾಗ್ ಇನ್‌ಪುಟ್‌ಗೆ ಈ ಎರಡು ಬಿಂದು ಕೊಟ್ಟರೆ ಸಾಕು. ಆದರೂ ಪರೀಕ್ಷೆ ಮಾಡದೆ ನಂಬಬೇಡಿ. ಒತ್ತಡ ಪೂರ್ತಿ ಬಿಟ್ಟಾಗ ಲಾಗ್‌ನಲ್ಲಿ ಸೊನ್ನೆ ಬರಬೇಕು. ಐಡಲ್‌ನಲ್ಲಿ ಮುಳ್ಳಿನ ಗೇಜ್ ಪಕ್ಕಕ್ಕಿಟ್ಟು ಹೋಲಿಸಿ. ಅವತ್ತು ದಾರಿ ತಪ್ಪಿಸಿದ ಆ ಗೇಜ್ ನನಗೆ ಈಗಲೂ ಈ ಒಂದು ಕೆಲಸಕ್ಕೆ ಬೇಕು.

ಲಾಗ್ ಓದುವುದು

ಸೆಕೆಂಡಿಗೆ ಎಷ್ಟು ಸಲ ದಾಖಲಿಸಬೇಕು ಎಂದು ಕೇಳುತ್ತಾರೆ. ನಾಲ್ಕು ಸಿಲಿಂಡರ್ ಎಂಜಿನ್ 6,000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಇಂಜೆಕ್ಟರ್ ಸೆಕೆಂಡಿಗೆ 50 ಸಲ ತೆರೆಯುತ್ತದೆ, ಒಟ್ಟು 200 ಸಲ ರೈಲಿನಿಂದ ಪೆಟ್ರೋಲ್ ಹೊರಹೋಗುತ್ತದೆ. ಪ್ರತಿ ಸಲವೂ ಒತ್ತಡದಲ್ಲಿ ಒಂದು ಸಣ್ಣ ಮಿಡಿತ. ಸೆಕೆಂಡಿಗೆ 25 ಸಲ ದಾಖಲಿಸುವ ಲಾಗ್‌ಗೆ ಈ ಮಿಡಿತ ಹಿಡಿಯಲಾಗದು. ಅಷ್ಟೇ ಅಲ್ಲ, ಸಿನಿಮಾದಲ್ಲಿ ರಥದ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಹಾಗೆ ಇಲ್ಲದ ಅಲೆಯೊಂದನ್ನು ತೋರಿಸಿಬಿಡಬಹುದು. ಅದಕ್ಕೆ ಇಸಿಯುನಲ್ಲಿ ಹದವಾಗಿ ಫಿಲ್ಟರ್ ಹಾಕಬೇಕು. ವಿಪರೀತ ಹಾಕಿದರೆ ಗೆರೆ ನುಣ್ಣಗಾಗಿ ನಿಜವಾದ ಕುಸಿತವೂ ಮುಚ್ಚಿಹೋಗುತ್ತದೆ. ಪಂಪ್ ಸೋಲುವುದನ್ನು ನೋಡಲು ಸೆಕೆಂಡಿಗೆ 25 ಸಾಕು, ಐದು ಸೆಕೆಂಡಿನ ಓಟದಲ್ಲಿ 125 ಬಿಂದು ಸಿಗುತ್ತವೆ.

ಒತ್ತಡದ ಜೊತೆ ಆರ್‌ಪಿಎಂ, ಮ್ಯಾಪ್ ಸೆನ್ಸರ್, ಲ್ಯಾಂಬ್ಡಾ, ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಹೊತ್ತಿನ ಪಾಲು), ಬ್ಯಾಟರಿ ವೋಲ್ಟೇಜ್ ಇರಲೇಬೇಕು. ವ್ಯತ್ಯಾಸವನ್ನೇ ಒಂದು ಪ್ರತ್ಯೇಕ ಚಾನೆಲ್ ಆಗಿ ಮಾಡಿಕೊಳ್ಳಿ. ಆಮೇಲೆ ನೋಡಬೇಕಾದದ್ದು ಆ ಒಂದೇ ಗೆರೆ. ಓಡಿಸುವುದು ಡೈನೊ ಮೇಲೆ ಅಥವಾ ಟ್ರ್ಯಾಕ್‌ನಲ್ಲಿ. ನೈಸ್ ರಸ್ತೆ ಖಾಲಿಯಿದೆ ಎಂದು ಅಲ್ಲಿ ಲಾಗ್ ಮಾಡಲು ಹೋಗಬೇಡಿ, ಇನ್ನೊಬ್ಬರ ಜೀವದ ಪ್ರಶ್ನೆ ಅದು.

ನನ್ನ ಲಾಗ್‌ನಲ್ಲಿ ಗೆರೆ 4,000ದಲ್ಲಿ 3.0, 5,200ರಲ್ಲಿ 2.8, 6,300ರಲ್ಲಿ 2.3. ಬೂಸ್ಟ್ 4,000ಕ್ಕೇ ಪೂರ್ತಿ ಬಂದು ಸಮವಾಗಿ ನಿಂತಿತ್ತು. ಅಂದರೆ ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಿದೆ. ಪೆಟ್ರೋಲ್ ಬೇಡಿಕೆ ಏರುತ್ತಾ ಹೋದಂತೆ ಮಾತ್ರ ಒತ್ತಡ ಇಳಿಯುತ್ತಿದೆ. ಇದು ಪೂರೈಕೆಯ ತೊಂದರೆ: ಪಂಪ್, ಫಿಲ್ಟರ್, ಇಲ್ಲವೇ ಪಂಪಿಗೆ ಹೋಗುವ ಕರೆಂಟ್. ಗೆರೆ ಬೂಸ್ಟ್ ಏರಿದ ಕ್ಷಣದಲ್ಲೇ, ಅದು ಏರಿದಷ್ಟೇ ಇಳಿದಿದ್ದರೆ ಕಥೆ ಬೇರೆ. ಆಗ ರೆಗ್ಯುಲೇಟರ್ ತಲೆಯ ರಬ್ಬರ್ ಪೈಪ್ ಕಳಚಿದೆಯೋ ಸೀಳಿದೆಯೋ ನೋಡಬೇಕು. ದೊಡ್ಡ ಪಂಪ್ ಹಾಕಿದ ಮೇಲೆ ಐಡಲ್‌ನಲ್ಲಿ ವ್ಯತ್ಯಾಸ 3ಕ್ಕಿಂತ ಮೇಲೆ ನಿಂತರೆ, ಅಷ್ಟೊಂದು ಪೆಟ್ರೋಲ್ ವಾಪಸ್ ಹೋಗಲು ರಿಟರ್ನ್ ಲೈನ್ ಸಾಲುತ್ತಿಲ್ಲ ಎಂದರ್ಥ.

ಫಿಲ್ಟರ್ ಹೊಸದು, ಪಂಪೂ ವರ್ಷದ ಹಿಂದಿನದು. ಹಿಂದಿನ ಸೀಟು ಕಿತ್ತು, ಪಂಪಿನ ಕನೆಕ್ಟರ್‌ಗೆ ಮಲ್ಟಿಮೀಟರ್ ಸಿಕ್ಕಿಸಿ, ಮತ್ತೆ ಡೈನೊ ಮೇಲೆ ಓಡಿಸಿದೆವು. ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪ್ ಬಳಿ 11.1. 2.7 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತಿತ್ತು. ಕಾರ್ಖಾನೆಯಿಂದ ಬಂದ ತೆಳು ವೈರ್, ಪಂಪಿಗೆ ಕರೆಂಟ್ ಬಿಡುವ ಸ್ವಿಚ್ ಆದ ಹಳೆಯ ರಿಲೇ. ಐಡಲ್‌ನಲ್ಲಿ ಇದೇನೂ ಗೊತ್ತಾಗುವುದಿಲ್ಲ. ಬೂಸ್ಟ್ ಬಂದಾಗ ಪಂಪ್ ಹೆಚ್ಚು ಒತ್ತಡಕ್ಕೆ ಎದುರಾಗಿ ದೂಡಬೇಕು, ಹಾಗಾಗಿ ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಹೆಚ್ಚಾದಂತೆ ತೆಳು ವೈರಿನಲ್ಲಿ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ, ವೋಲ್ಟೇಜ್ ಬಿದ್ದಂತೆ ಪಂಪ್ ನಿಧಾನವಾಗುತ್ತದೆ. ಎಂಜಿನ್ ಅತಿ ಹೆಚ್ಚು ಕೇಳುವ ಹೊತ್ತಿಗೇ ಪಂಪ್ ಅತಿ ಕಡಿಮೆ ಕೊಡುತ್ತಿತ್ತು. ಬ್ಯಾಟರಿಯಿಂದ ನೇರ 4 ಚದರ ಮಿಲಿಮೀಟರ್ ವೈರ್, ಬ್ಯಾಟರಿಯ ಬುಡದಲ್ಲೇ 20 ಆಂಪ್ ಫ್ಯೂಸ್, ಟ್ಯಾಂಕ್ ಬಳಿ ಹೊಸ ರಿಲೇ. ಹಳೆಯ ಪಂಪ್ ವೈರ್ ಈಗ ರಿಲೇಯನ್ನು ಎಬ್ಬಿಸಲು ಮಾತ್ರ. ಪಂಪ್ ಬಳಿ 13.2 ವೋಲ್ಟ್ ಬಂತು, 6,300ರಲ್ಲಿ ವ್ಯತ್ಯಾಸ 2.95, ಲ್ಯಾಂಬ್ಡಾ 0.81. ಮ್ಯಾಪ್‌ನ ಒಂದು ಅಂಕಿಯನ್ನೂ ಮುಟ್ಟಲಿಲ್ಲ.

ಕೆಲವು ಇಸಿಯುಗಳು ಒತ್ತಡ ಕಡಿಮೆಯಾದರೆ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದು ಸರಿದೂಗಿಸುತ್ತವೆ. ಒಳ್ಳೆಯದೇ, ಆದರೆ ಅದಕ್ಕೊಂದು ಗಡಿ ಇದೆ. ಒಂದು ಇಂಜೆಕ್ಟರ್ ತೆರೆಯುವುದು ಎಂಜಿನ್‌ನ ಎರಡು ಸುತ್ತಿಗೊಮ್ಮೆ, 6,000 ಆರ್‌ಪಿಎಂನಲ್ಲಿ ಆ ಎರಡು ಸುತ್ತಿಗೆ ಸಿಗುವುದು 20 ಮಿಲಿಸೆಕೆಂಡ್. ಇಂಜೆಕ್ಟರ್ ಆಗಲೇ 16 ತೆರೆದಿದೆ ಅನ್ನಿ. ವ್ಯತ್ಯಾಸ 3ರಿಂದ 2ಕ್ಕೆ ಬಿದ್ದರೆ 19.6 ತೆರೆದಿರಬೇಕು. ಅಲ್ಲಿಗೆ ಮುಗಿಯಿತು, ಮುಂದೆ ಜಾಗವಿಲ್ಲ.

ಹೊಸ ಕಾರುಗಳ ಬಗ್ಗೆ ಎರಡು ಮಾತು. ಬಹಳಷ್ಟರಲ್ಲಿ ರಿಟರ್ನ್ ಲೈನ್ ಇಲ್ಲ, ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುತ್ತದೆ. ಅಲ್ಲಿ ಬೂಸ್ಟ್ ಏರಿದರೂ ರೈಲಿನ ಒತ್ತಡ ಏರದಿರುವುದು ಸಹಜ, ಮ್ಯಾಪ್ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎಂದಷ್ಟೇ ನೋಡಬೇಕು. ಸಿಲಿಂಡರ್‌ನೊಳಗೇ ಪೆಟ್ರೋಲ್ ಚಿಮ್ಮಿಸುವ ಟಿಎಸ್‌ಐ ಥರದ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ರೈಲಿನ ಒತ್ತಡ ನೂರಾರು ಬಾರ್‌ವರೆಗೆ ಹೋಗುತ್ತದೆ. ಅದಕ್ಕೆ ಕೈ ಹಾಕಬೇಡಿ, ಆ ಒತ್ತಡದಲ್ಲಿ ಚಿಮ್ಮಿದ ಪೆಟ್ರೋಲ್ ಚರ್ಮ ತೂರಿ ಹೋಗಬಲ್ಲದು. ಅಲ್ಲಿ ಕಂಪನಿಯ ಸೆನ್ಸರ್ ಇದ್ದೇ ಇದೆ, ಕಾರಿನ ಓಬಿಡಿ (ತಪಾಸಣೆಯ ಸಾಕೆಟ್) ಮೂಲಕ ಓದಬಹುದು.

ಕೊನೆಯದಾಗಿ ಇಸಿಯುನಲ್ಲಿ ಒಂದು ಕಾವಲು ಇಟ್ಟಿದ್ದೇನೆ. ಬೂಸ್ಟ್ ಇರುವಾಗ ವ್ಯತ್ಯಾಸ 2.6 ಬಾರ್‌ಗಿಂತ ಕೆಳಗೆ 0.2 ಸೆಕೆಂಡ್ ನಿಂತರೆ ಎಂಜಿನ್ ಕಟ್. ಒಂದು ವರ್ಷದಲ್ಲಿ ಅದು ಕೆಲಸ ಮಾಡಿದ್ದು ಒಂದೇ ಸಲ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ನಲ್ಲಿ, ಉದ್ದನೆಯ ತಿರುವೊಂದನ್ನು ದಾಟಿ ಪೂರ್ತಿ ಒತ್ತಿದಾಗ. ಪಿಟ್‌ಗೆ ತಂದು ಲ್ಯಾಪ್‌ಟಾಪ್ ತೆರೆದರೆ, ಅದೇ ತಿರುವಿನಲ್ಲಿ ಹಿಂದಿನ ಎರಡು ಲ್ಯಾಪ್‌ಗಳಲ್ಲೂ ಗೆರೆ ಚೂರು ತಗ್ಗಿತ್ತು, ಪ್ರತಿ ಸಲ ಹಿಂದಿನದಕ್ಕಿಂತ ಆಳ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಉಳಿದಿತ್ತು. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತಿತ್ತು. ಕ್ಯಾನ್‌ನಿಂದ 15 ಲೀಟರ್ ಸುರಿದು ಮತ್ತೆ ಹೊರಟೆ. ಆ ತಿರುವಿನಲ್ಲಿ ಗೆರೆ ಆಮೇಲೆ ಅಲ್ಲಾಡಲಿಲ್ಲ.